ಟಿಗ್ ಟಾರ್ಚ್‌ನ ಟ್ರಿಗರ್: 2ಟಿ, 4ಟಿ ಮತ್ತು ಬೆರಳು ಬಿಡುವ ಹೊತ್ತು

ಕೆಲವು ವರ್ಷಗಳ ಹಿಂದೆ ಒಂದು ಡೈರಿಯ ಪೈಪ್‌ಲೈನ್ ಬೆಸೆಯುವ ಕೆಲಸ ಸಿಕ್ಕಿತ್ತು. 304 ಸ್ಟೇನ್‌ಲೆಸ್, ತೆಳು ಪೈಪ್. ಜಾಯಿಂಟ್‌ಗಳೆಲ್ಲ ನೋಡೋಕೆ ಚೆನ್ನಾಗೇ ಇದ್ದವು. ನೀರು ತುಂಬಿಸಿ ಪ್ರೆಷರ್ ಕೊಟ್ಟಾಗ ಮೂರು ಜಾಯಿಂಟ್ ಬೆವರೋಕೆ ಶುರುವಾಯಿತು. ಒರೆಸಿದರೆ ಮತ್ತೆ ಹನಿ. ಟಾರ್ಚ್ ಲೈಟ್ ಹಿಡಿದು ನೋಡಿದೆ. ಮೂರೂ ಕಡೆ ತೂತು ಇದ್ದದ್ದು ಒಂದೇ ಜಾಗದಲ್ಲಿ: ಬೀಡ್, ಅಂದರೆ ಬೆಸುಗೆಯ ಗೆರೆ, ಮುಗಿಯುವ ತುದಿಯಲ್ಲಿ. ಸೂಜಿ ಮೊನೆಯಷ್ಟು ಚಿಕ್ಕದು.

ಮಷೀನ್ ಸರಿ ಇತ್ತು, ಗ್ಯಾಸ್ ಸರಿ ಇತ್ತು. ತಪ್ಪು ನನ್ನ ಬೆರಳಿನದು. ವೆಲ್ಡ್ ಮುಗೀತು ಅಂತ ಟ್ರಿಗರ್ ಅನ್ನು ಟಕ್ ಅಂತ ಬಿಟ್ಟು, ಟಾರ್ಚ್ ಎತ್ತಿಬಿಡುತ್ತಿದ್ದೆ. ಮನೆಯ ಲೈಟ್ ಸ್ವಿಚ್ ಆರಿಸಿದ ಹಾಗೆ.

ಟಿಗ್ ಅಂದರೆ ಟಂಗ್‌ಸ್ಟನ್ ಕಡ್ಡಿಯ ತುದಿಗೂ ಲೋಹಕ್ಕೂ ನಡುವೆ ಆರ್ಕ್ ಎಂಬ ವಿದ್ಯುತ್ ಜ್ವಾಲೆ ಹತ್ತಿಸಿ, ಗ್ಯಾಸ್ ಮರೆಯಲ್ಲಿ ಬೆಸೆಯುವ ವಿಧಾನ. ಆ ಕಡ್ಡಿ ಹಿಡಿದಿರುವ ಹಿಡಿಕೆಯೇ ಟಾರ್ಚ್, ಅದರ ಮೇಲಿನ ಬಟನ್ನೇ ಟ್ರಿಗರ್. ಟಿಗ್ ಟ್ರಿಗರ್ ಲೈಟ್ ಸ್ವಿಚ್ ಅಲ್ಲ. ನೀವು ಒಮ್ಮೆ ಒತ್ತಿದರೆ ಮಷೀನ್ ಒಳಗೆ ಒಂದರ ಹಿಂದೆ ಒಂದು ನಾಲ್ಕೈದು ಕೆಲಸ ಆಗುತ್ತವೆ. ಬಿಟ್ಟಾಗಲೂ ಅಷ್ಟೇ. ಆ ಕ್ರಮ ತಲೆಯಲ್ಲಿ ಕೂತರೆ ಪ್ಯಾನಲ್ ಮೇಲಿನ ಅಷ್ಟೂ ನಾಬ್‌ಗಳ ಅರ್ಥ ತಾನಾಗೇ ಆಗುತ್ತದೆ. ನಾನು ಇಲ್ಲಿ ಹೇಳುವುದು ನಮ್ಮ ಸಣ್ಣ ಶೆಡ್‌ಗಳಲ್ಲಿ ಹೆಚ್ಚು ಕಾಣುವ 200 ಆಂಪ್ಸ್‌ನ ಇನ್ವರ್ಟರ್ ಮಷೀನ್ ಲೆಕ್ಕದಲ್ಲಿ. ಸಿಂಗಲ್ ಫೇಸ್, ಡಿಸಿ, ಗಾಳಿಯಲ್ಲೇ ತಣಿಯುವ ಟಾರ್ಚ್.

ಅಂದ ಹಾಗೆ, ನಮ್ಮಲ್ಲಿ ಟಿಗ್ ಅಂದರೆ ಅರ್ಧ ಜನಕ್ಕೆ ಗೊತ್ತಾಗಲ್ಲ, ‘ಆರ್ಗಾನ್ ವೆಲ್ಡಿಂಗ್’ ಅಂದರೆ ಎಲ್ಲರಿಗೂ ಗೊತ್ತು. ಗ್ಯಾಸ್ ಹೆಸರಲ್ಲಿ ಕರೆಯುವ ಈ ರೂಢಿ ನಮ್ಮದಷ್ಟೇ ಅಲ್ಲ. 1940ರ ದಶಕದ ಆರಂಭದಲ್ಲಿ ಅಮೆರಿಕದ ನಾರ್ತ್ರಾಪ್ ವಿಮಾನ ಕಂಪನಿಯಲ್ಲಿ ರಸೆಲ್ ಮೆರೆಡಿತ್ ಎಂಬವರು ಮೆಗ್ನೀಸಿಯಂ ಬೆಸೆಯಲು ಈ ವಿಧಾನವನ್ನು ಹದಕ್ಕೆ ತಂದಾಗ ಹೀಲಿಯಂ ಗ್ಯಾಸ್ ಬಳಸಿದ್ದರು. ಹಾಗಾಗಿ ಅಲ್ಲಿ ಅದಕ್ಕೆ ‘ಹೀಲಿಆರ್ಕ್’ ಅಂತಲೇ ಹೆಸರು ಬಿತ್ತು.

ಟ್ರಿಗರ್ ಮುಟ್ಟುವ ಮೊದಲು

ಟಾರ್ಚ್ ಕನೆಕ್ಟರ್ ಮೈನಸ್‌ಗೆ, ಪ್ಲೇಟ್‌ಗೆ ಕಚ್ಚಿಸುವ ಅರ್ಥಿಂಗ್ ಕೇಬಲ್ ಪ್ಲಸ್‌ಗೆ. ಸ್ಟಿಕ್ ವೆಲ್ಡಿಂಗ್‌ನಿಂದ ಬಂದವರು ಇದನ್ನು ಉಲ್ಟಾ ಹಾಕುವುದು ಜಾಸ್ತಿ. ಹಾಗೆ ಹಾಕಿದರೆ ಟಂಗ್‌ಸ್ಟನ್ ತುದಿ ಕ್ಷಣದಲ್ಲಿ ಕರಗಿ ಗುಂಡಾಗುತ್ತದೆ.

ಟಾರ್ಚ್‌ನಿಂದ ಇನ್ನೊಂದು ತೆಳುವಾದ ವೈರ್ ಬರುತ್ತದಲ್ಲ, ಅದೇ ಟ್ರಿಗರ್ ವೈರ್. ಮಷೀನ್ ಮುಂಭಾಗದಲ್ಲಿ ಎರಡು ಪಿನ್ನಿನ ಅಥವಾ ಐದು ಪಿನ್ನಿನ ಸಣ್ಣ ಸಾಕೆಟ್ ಇರುತ್ತದೆ. ಪ್ಲಗ್ಗನ್ನು ಅದಕ್ಕೆ ಸಿಕ್ಕಿಸಿ, ಸುತ್ತಲಿನ ರಿಂಗ್ ಪೂರ್ತಿ ತಿರುಗಿಸಿ ಬಿಗಿ ಮಾಡಿ. ಅರ್ಧ ಬಿಗಿಯಾದ ಪ್ಲಗ್ ಒಂದಿನ ಕೆಲಸ ಮಾಡಿ ಮರುದಿನ ಕೈಕೊಡುತ್ತದೆ. ಈ ವೈರ್‌ನಲ್ಲಿ ವೆಲ್ಡಿಂಗ್ ಕರೆಂಟ್ ಹರಿಯುವುದಿಲ್ಲ. ಬರೀ ‘ಒತ್ತಿದ್ದಾರೆ’, ‘ಬಿಟ್ಟಿದ್ದಾರೆ’ ಎಂಬ ಸುದ್ದಿ ಹೋಗುತ್ತದೆ, ಅಷ್ಟೇ.

ಕಲಿಯೋಕೆ 2 ಎಂಎಂ ದಪ್ಪದ 304 ಶೀಟ್ ತುಂಡುಗಳು ಸಾಕು. ಅದಕ್ಕೆ ನಾನು ಇಡುವ ಸೆಟ್ಟಿಂಗ್ ಇದು: ಮುಖ್ಯ ಕರೆಂಟ್ 65 ಆಂಪ್ಸ್ ಆಸುಪಾಸು, 1.6 ಎಂಎಂ ಟಂಗ್‌ಸ್ಟನ್, 1.6 ಎಂಎಂ ಇಆರ್308ಎಲ್ ಫಿಲ್ಲರ್ (ಜಾಯಿಂಟ್‌ಗೆ ಕರಗಿಸಿ ತುಂಬುವ ಕಡ್ಡಿ), 6ನೇ ನಂಬರ್ ಕಪ್ (ಟಂಗ್‌ಸ್ಟನ್ ಸುತ್ತ ಗ್ಯಾಸ್ ಬರುವ ಬಾಯಿ), ಗ್ಯಾಸ್ ನಿಮಿಷಕ್ಕೆ 7ರಿಂದ 8 ಲೀಟರ್. ಟಂಗ್‌ಸ್ಟನ್‌ನಲ್ಲಿ ಕೆಂಪು ತುದಿಯದು ಥೋರಿಯಂ ಸೇರಿಸಿದ್ದು, ಉಜ್ಜುವಾಗ ಬರುವ ಪುಡಿ ಉಸಿರಿಗೆ ಒಳ್ಳೆಯದಲ್ಲ. ನೀಲಿ ಅಥವಾ ಚಿನ್ನದ ಬಣ್ಣದ ತುದಿಯದು ತಗೊಳ್ಳಿ, ಅವು ಲ್ಯಾಂಥನಂ ಸೇರಿಸಿದವು.

ಹಿಡಿತ: ಒತ್ತಿದಾಗ ತುದಿ ಅಲುಗಬಾರದು

ಹೊಸಬರ ಟಂಗ್‌ಸ್ಟನ್ ಪ್ಲೇಟ್‌ಗೆ ತಗುಲುವುದು ವೆಲ್ಡ್ ಮಧ್ಯದಲ್ಲಿ ಅಲ್ಲ. ಟ್ರಿಗರ್ ಒತ್ತುವ ಕ್ಷಣದಲ್ಲಿ. ಬೆರಳು ಕೆಳಗೆ ಹೋದರೆ ಅದರ ಜೊತೆ ಟಾರ್ಚ್ ತಲೆಯೂ ಒಂದೆರಡು ಎಂಎಂ ಕೆಳಗೆ ಬಗ್ಗುತ್ತದೆ. ಪ್ಲೇಟ್‌ಗೂ ತುದಿಗೂ ನಡುವೆ ಇರುವುದೇ ಅಷ್ಟು ಜಾಗ.

ಅದಕ್ಕೆ ಬಟನ್ನನ್ನು ಬೆರಳ ತುದಿಯಿಂದ ಕುಟ್ಟಬೇಡಿ. ತೋರುಬೆರಳಿನ ಮೆತ್ತನೆ ಭಾಗವನ್ನು ಮೊದಲೇ ಬಟನ್ ಮೇಲೆ ಇಟ್ಟಿರಿ, ಎದುರು ಕಡೆಯಿಂದ ಹೆಬ್ಬೆರಳು ಆನಿಕೆ ಕೊಡಲಿ. ನಿಂಬೆಹಣ್ಣಿನ ಹೋಳು ಹಿಂಡುವ ಹಾಗೆ ಎರಡೂ ಕಡೆಯಿಂದ ನಿಧಾನ ಒತ್ತಿ. ಕಿರುಬೆರಳು ಪ್ಲೇಟ್ ಮೇಲೆ ಊರಿರಲಿ. ಟಾರ್ಚ್ ಕೇಬಲ್ ಭಾರ ಮಣಿಕಟ್ಟನ್ನು ಎಳೆಯದ ಹಾಗೆ ಹೆಗಲ ಮೇಲೆ ಹಾಕಿಕೊಳ್ಳಿ, ಇಲ್ಲವೇ ಮುಂಗೈಗೆ ಒಂದು ಸುತ್ತು ಸುತ್ತಿ. ದಪ್ಪ ಸ್ಟಿಕ್ ಗ್ಲೌಸ್ ಹಾಕಿಕೊಂಡು ಟಿಗ್ ಮಾಡಬೇಡಿ, ಬಟನ್ ಒತ್ತಿದೆಯೋ ಇಲ್ಲವೋ ಬೆರಳಿಗೇ ಗೊತ್ತಾಗಲ್ಲ. ತೆಳು ಚರ್ಮದ್ದು ಬೇಕು, ಅದೂ ಒಣಗಿರಬೇಕು.

ಬಹಳ ಟಾರ್ಚ್‌ಗಳಲ್ಲಿ ಸ್ವಿಚ್ ಹಿಡಿಕೆ ಮೇಲೆ ರಬ್ಬರ್ ಬೂಟ್‌ನಲ್ಲಿ ಕೂತಿರುತ್ತದೆ, ಮುಂದೆ ಹಿಂದೆ ಸರಿಸಬಹುದು. ನಿಮ್ಮ ಬೆರಳಿಗೆ ಹೊಂದುವ ಜಾಗಕ್ಕೆ ಸರಿಸಿಕೊಳ್ಳಿ. ಟಾರ್ಚ್ ಹೇಗೆ ಬಂತೋ ಹಾಗೇ ಹಿಡಿಯಬೇಕು ಅಂತೇನಿಲ್ಲ.

2ಟಿ: ಒತ್ತಿ ಹಿಡಿ, ಬಿಡು

ಪ್ಯಾನಲ್ ಮೇಲಿನ ‘ಟಿ’ ಏನು ಅಂತ ನನ್ನನ್ನು ಸುಮಾರು ಜನ ಕೇಳಿದ್ದಾರೆ. ಜರ್ಮನ್ ಮಷೀನ್‌ಗಳಲ್ಲಿ ಇದಕ್ಕೆ 2-ಟಾಕ್ಟ್, 4-ಟಾಕ್ಟ್ ಅನ್ನುತ್ತಾರೆ. ಬೈಕ್ ಎಂಜಿನ್‌ಗೆ 2 ಸ್ಟ್ರೋಕ್, 4 ಸ್ಟ್ರೋಕ್ ಅಂತೀವಲ್ಲ, ಅವರ ಭಾಷೆಯಲ್ಲಿ ಅದಕ್ಕೂ ಇದೇ ಪದ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ 2 ಸ್ಟ್ರೋಕ್ ಗಾಡಿ. ಇಲ್ಲಿ ಸ್ಟ್ರೋಕ್ ಅಂದರೆ ನಿಮ್ಮ ಬೆರಳಿನ ಚಲನೆ. ಒತ್ತುವುದು ಒಂದು, ಬಿಡುವುದು ಇನ್ನೊಂದು. ಒಟ್ಟು ಎರಡು.

2ಟಿಯಲ್ಲಿ ಒತ್ತಿದಾಗ ಮೊದಲು ಒಳಗೆ ಸೊಲೆನಾಯ್ಡ್ ವಾಲ್ವ್ ‘ಟಕ್’ ಅನ್ನುತ್ತದೆ, ಗ್ಯಾಸ್ ‘ಸ್ಸ್’ ಅಂತ ಬರುತ್ತದೆ. ಇದು ಪ್ರಿ-ಫ್ಲೋ. 0.3 ಸೆಕೆಂಡ್ ಇದ್ದರೆ ಸಾಕು. ಕಪ್ ಒಳಗಿನ ಗಾಳಿಯನ್ನು ಹೊರಗೆ ತಳ್ಳುವುದಷ್ಟೇ ಇದರ ಕೆಲಸ. ಆಮೇಲೆ ಎಚ್‌ಎಫ್ (ಹೈ ಫ್ರೀಕ್ವೆನ್ಸಿ) ಕಿಡಿ ‘ಚಿರ್’ ಅಂತ ಜಿಗಿಯುತ್ತದೆ, ಆರ್ಕ್ ಹತ್ತುತ್ತದೆ. ಅಪ್‌ಸ್ಲೋಪ್ ಇಟ್ಟಿದ್ದರೆ ಕರೆಂಟ್ ಕೆಳಗಿನಿಂದ ನಿಧಾನವಾಗಿ 65ಕ್ಕೆ ಏರುತ್ತದೆ. ಬೆರಳು ಒತ್ತಿರುವಷ್ಟು ಹೊತ್ತು ಅಲ್ಲೇ ಇರುತ್ತದೆ.

ಬೆರಳು ಬಿಟ್ಟರೆ ಕರೆಂಟ್ ಡೌನ್‌ಸ್ಲೋಪ್‌ನಲ್ಲಿ ಇಳಿದು ಆರ್ಕ್ ಆರುತ್ತದೆ. ಆರಿದ ಮೇಲೂ ಗ್ಯಾಸ್ ಸ್ವಲ್ಪ ಹೊತ್ತು ಬರುತ್ತಲೇ ಇರುತ್ತದೆ, ಅದು ಪೋಸ್ಟ್-ಫ್ಲೋ.

ಟ್ಯಾಕ್ (ತುಂಡುಗಳು ಅಲುಗದ ಹಾಗೆ ಹಿಡಿಸುವ ಚುಕ್ಕೆ ಬೆಸುಗೆ) ಹಾಕೋಕೆ, ಎರಡು ಮೂರು ಇಂಚಿನ ಬೀಡ್‌ಗೆ 2ಟಿ ಹೇಳಿ ಮಾಡಿಸಿದ್ದು. ಟ್ಯಾಕ್ ಮಾತ್ರ ಹಾಕುವಾಗ ಡೌನ್‌ಸ್ಲೋಪ್ ಸೊನ್ನೆಗೆ ಇಡಿ, ಇಲ್ಲದಿದ್ದರೆ ಪ್ರತಿ ಟ್ಯಾಕ್‌ಗೂ ಸುಮ್ನೆ ಕಾಯುತ್ತಾ ಕೂರಬೇಕು. ಅದರ ಬದಲು ಟ್ಯಾಕ್‌ಗಳ ಮೇಲೇ ಆಮೇಲೆ ಬೀಡ್ ಓಡಿಸಿ ಕರಗಿಸಿಬಿಟ್ಟರೆ ಆಯಿತು.

ಉದ್ದ ಬೀಡ್‌ಗೆ 2ಟಿ ಕಷ್ಟ. ಒಂದು ಮೀಟರ್ ರೇಲಿಂಗ್ ಪಟ್ಟಿ ಹೊಡೆಯುವಷ್ಟರಲ್ಲಿ ತೋರುಬೆರಳು ಮರಗಟ್ಟುತ್ತದೆ, ಕೈ ನಡುಗುತ್ತದೆ, ಅರ್ಧದಲ್ಲಿ ಬೆರಳು ಒಂಚೂರು ಸಡಿಲವಾದರೆ ಆರ್ಕ್ ಇಳಿಯೋಕೆ ಶುರು.

4ಟಿ: ಒತ್ತು, ಬಿಡು, ಒತ್ತು, ಬಿಡು

ಇಲ್ಲಿಂದ ನಿಧಾನವಾಗಿ ಓದಿ. ನಾನು ಮೊದಲ ಸಲ 4ಟಿಯಲ್ಲಿ ಹಾಕಿದಾಗ ಬೆರಳು ಬಿಟ್ಟೆ, ಆರ್ಕ್ ಆರಲಿಲ್ಲ. ಆರುವ ಬದಲು ಜಾಸ್ತಿಯಾಯಿತು. ಗಾಬರಿಯಾಗಿ ಟಾರ್ಚ್ ಎಳೆದೆ, ಪ್ಲೇಟ್‌ನಲ್ಲಿ ಕಪ್ಪು ಗುಂಡಿ ಬಿತ್ತು. ಮಷೀನ್ ಕೆಟ್ಟಿದೆ ಅಂತ ಅರ್ಧ ದಿನ ಬೈದುಕೊಂಡೆ. ಮಷೀನ್ ತನ್ನ ಕೆಲಸ ಸರಿಯಾಗೇ ಮಾಡಿತ್ತು.

ಪ್ಯಾನಲ್‌ನಲ್ಲಿ ಹೀಗೆ ಇಡಿ: ಸ್ಟಾರ್ಟ್ ಕರೆಂಟ್ 20 ಆಂಪ್ಸ್, ಅಪ್‌ಸ್ಲೋಪ್ ಅರ್ಧ ಸೆಕೆಂಡ್, ಮುಖ್ಯ 65, ಡೌನ್‌ಸ್ಲೋಪ್ 3 ಸೆಕೆಂಡ್, ಎಂಡ್ ಕರೆಂಟ್ 12ರಿಂದ 15, ಪೋಸ್ಟ್-ಫ್ಲೋ 7 ಸೆಕೆಂಡ್. ಕೆಲವು ಮಷೀನ್‌ಗಳಲ್ಲಿ ಸ್ಟಾರ್ಟ್ ಮತ್ತು ಎಂಡ್ ಕರೆಂಟ್ ಆಂಪ್ಸ್‌ನಲ್ಲಿ ಇರುವುದಿಲ್ಲ, ಮುಖ್ಯ ಕರೆಂಟ್‌ನ ಶೇಕಡಾ ಲೆಕ್ಕದಲ್ಲಿ ಇರುತ್ತದೆ. ಆಗ 30 ಮತ್ತು 20 ಇಟ್ಟು ನೋಡಿ.

1. ಮೊದಲ ಒತ್ತು. ಗ್ಯಾಸ್, ಕಿಡಿ, 20 ಆಂಪ್ಸ್‌ನ ಸಣ್ಣ ಆರ್ಕ್. ಒತ್ತಿ ಹಿಡಿದಿರುವಷ್ಟು ಹೊತ್ತು ಅದು 20ರಲ್ಲೇ ಇರುತ್ತದೆ. ಅವಸರ ಬೇಡ. ಹೆಲ್ಮೆಟ್ ಒಳಗಿಂದ ಜಾಯಿಂಟ್ ಗೆರೆ ಎಲ್ಲಿದೆ ನೋಡಿ, ತುದಿಯನ್ನು ಸರಿಯಾಗಿ ಅದರ ಮೇಲೆ ತನ್ನಿ. ಇಷ್ಟು ಕಡಿಮೆ ಕರೆಂಟ್‌ನಲ್ಲಿ ಪ್ಲೇಟ್‌ಗೆ ಏನೂ ಆಗಲ್ಲ.

2. ಮೊದಲ ಬಿಡು. ಈಗ ಕರೆಂಟ್ ಏರಿ 65ಕ್ಕೆ ನಿಲ್ಲುತ್ತದೆ. ಕರಗಿದ ಲೋಹದ ಪುಟ್ಟ ಕೊಳ ಕಾಣಿಸುತ್ತದೆ, ಇದಕ್ಕೆ ನಾವು ಪಡಲ್ ಅಂತೀವಿ. ಬೆರಳಿಗೆ ಈಗ ರಜೆ. ಆದರೆ ಬಟನ್‌ನಿಂದ ದೂರ ಒಯ್ಯಬೇಡಿ, ಪಕ್ಕದಲ್ಲೇ ಇರಲಿ. ಫಿಲ್ಲರ್ ಕೊಡುತ್ತಾ ಮುಂದೆ ಸಾಗಿ.

3. ಎರಡನೇ ಒತ್ತು. ಬೀಡ್ ಮುಗಿಯುವ ಜಾಗಕ್ಕೆ ಬಂದಿರಿ. ಒತ್ತಿ, ಹಿಡಿದುಕೊಳ್ಳಿ. ಕರೆಂಟ್ 3 ಸೆಕೆಂಡ್‌ನಲ್ಲಿ 65ರಿಂದ 15ಕ್ಕೆ ಇಳಿಯುತ್ತದೆ.

4. ಎರಡನೇ ಬಿಡು. ಆರ್ಕ್ ಆರುತ್ತದೆ. ಟಾರ್ಚ್ ಎತ್ತಬೇಡಿ.

ಮೂರನೆಯದೇ ಇಡೀ ವಿದ್ಯೆ. ಅದನ್ನು ಹತ್ತಿರದಿಂದ ನೋಡೋಣ.

ಲೋಹ ಗಟ್ಟಿಯಾಗುವಾಗ ಕುಗ್ಗುತ್ತದೆ. ಪಡಲ್ ಅಂಚಿನಿಂದ ತಣಿಯುತ್ತಾ ನಡುವಿಗೆ ಬರುತ್ತದೆ. ಕರೆಂಟನ್ನು ಒಂದೇ ಏಟಿಗೆ ನಿಲ್ಲಿಸಿದರೆ ಅಂಚೆಲ್ಲ ಗಟ್ಟಿಯಾಗಿ, ಕೊನೆಗೆ ನಡುಮಧ್ಯಕ್ಕೆ ತುಂಬೋಕೆ ಲೋಹವೇ ಉಳಿದಿರುವುದಿಲ್ಲ. ಅಲ್ಲಿ ಒಂದು ಕುಳಿ, ಕೆಲವೊಮ್ಮೆ ಆ ಕುಳಿಯಲ್ಲಿ ನಕ್ಷತ್ರದ ಆಕಾರದ ಬಿರುಕು. ಇದೇ ಕ್ರೇಟರ್. ನನ್ನ ಡೈರಿ ಪೈಪ್‌ನಲ್ಲಿ ಬೆವರಿದ್ದು ಇದೇ. ಅಲ್ಯೂಮಿನಿಯಂನಲ್ಲಂತೂ ಇದು ಇನ್ನೂ ಬೇಗ ಬಿರಿಯುತ್ತದೆ.

ಹಾಗಾಗಿ ಎರಡನೇ ಸಲ ಒತ್ತಿದ ಕೂಡಲೇ ಕೊನೆಯ ಒಂದು ಹನಿ ಫಿಲ್ಲರ್ ಕೊಡಿ. ಆಮೇಲೆ ಟಾರ್ಚನ್ನು ಬಂದ ದಾರಿಯಲ್ಲೇ ಮೂರು ನಾಲ್ಕು ಎಂಎಂ ಹಿಂದಕ್ಕೆ, ಆಗಲೇ ಗಟ್ಟಿಯಾದ ಬೀಡ್ ಮೇಲೆ ತನ್ನಿ. ಪಡಲ್ ಮೇಲೆ ಕಣ್ಣಿಡಿ. ಬಟಾಣಿಯಷ್ಟಿದ್ದದ್ದು ಹೆಸರುಕಾಳಿನಷ್ಟಾಗುತ್ತದೆ, ಆಮೇಲೆ ಸಾಸಿವೆ. ಸಾಸಿವೆಯಷ್ಟಾದಾಗ ಬೆರಳು ಬಿಡಿ. ಸೆಕೆಂಡ್ ಎಣಿಸೋಕೆ ಹೋಗಬೇಡಿ, ಪಡಲ್ ನೋಡಿ ಬಿಡಿ.

ಒಂದು ತೊಡಕಿದೆ. ಎರಡನೇ ಸಲ ಒತ್ತಿ ತಕ್ಷಣ ಬಿಟ್ಟರೆ ಏನಾಗುತ್ತದೆ? ಎಲ್ಲ ಮಷೀನ್‌ಗಳೂ ಇಲ್ಲಿ ಒಂದೇ ಥರ ನಡೆದುಕೊಳ್ಳುವುದಿಲ್ಲ. ಕೆಲವದರಲ್ಲಿ ಬಿಟ್ಟ ಕ್ಷಣವೇ ಆರ್ಕ್ ಆರುತ್ತದೆ, ಕ್ರೇಟರ್ ಗ್ಯಾರಂಟಿ. ಕೆಲವದರಲ್ಲಿ ಡೌನ್‌ಸ್ಲೋಪ್ ಪೂರ್ತಿ ಇಳಿದ ಮೇಲೇ ಆರುತ್ತದೆ. ಇನ್ನು ಕೆಲವದರಲ್ಲಿ ಪಟ್ ಅಂತ ಒತ್ತಿ ಬಿಟ್ಟರೆ ಪ್ಯಾನಲ್‌ನಲ್ಲಿ ಬೇರೆಯಾಗಿ ಇಟ್ಟ ಎರಡನೇ ಕರೆಂಟ್‌ಗೆ ಹೋಗುತ್ತದೆ, ಮತ್ತೆ ಪಟ್ ಅಂದರೆ ವಾಪಸ್. ನಿಮ್ಮದು ಯಾವ ಜಾತಿ ಅಂತ ಮೊದಲ ದಿನವೇ ತಿಳಿದುಕೊಳ್ಳಿ. ಡೌನ್‌ಸ್ಲೋಪ್ ಅನ್ನು 5 ಸೆಕೆಂಡ್‌ಗೆ ಏರಿಸಿ, ಸ್ಕ್ರಾಪ್ ಮೇಲೆ ಆರ್ಕ್ ಹತ್ತಿಸಿ, ಎರಡನೇ ಸಲ ಪಟ್ ಅಂತ ಒತ್ತಿ ಬಿಟ್ಟು ನೋಡಿ. ಒಂದು ನಿಮಿಷದ ಕೆಲಸ.

ಬಿಟ್ಟ ಮೇಲೆ ಏಳು ಸೆಕೆಂಡ್

ಆರ್ಕ್ ಆರಿದ ಕೂಡಲೇ ಹೆಲ್ಮೆಟ್ ಎತ್ತಿ ಬೀಡ್ ಹೇಗೆ ಬಂದಿದೆ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ನನಗೂ ಇತ್ತು. ಅದರ ಜೊತೆ ಟಾರ್ಚ್ ಕೂಡ ಮೇಲೆ ಎದ್ದುಬಿಡುತ್ತದೆ. ಆಗ ಪಡಲ್ ಇನ್ನೂ ಕೆಂಪಗಿರುತ್ತದೆ, ಟಂಗ್‌ಸ್ಟನ್ ಕೂಡ. ಪೋಸ್ಟ್-ಫ್ಲೋ ಗ್ಯಾಸ್ ಕಾಯಬೇಕಾದದ್ದು ಆ ಎರಡನ್ನೇ. ಟಾರ್ಚ್ ಎತ್ತಿದರೆ ಗ್ಯಾಸ್ ಗಾಳಿಗೆ ಹೋಗುತ್ತದೆ, ಬೀಡ್ ತುದಿ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಪೋಸ್ಟ್-ಫ್ಲೋ ಎಷ್ಟು ಇಡಬೇಕು ಅನ್ನೋದಕ್ಕೆ ಅಂಗಡಿ ಲೆಕ್ಕ: 10 ಆಂಪ್ಸ್‌ಗೆ 1 ಸೆಕೆಂಡ್. 65ಕ್ಕೆ ಏಳು ಅಂತ ಹಿಡಿಯಿರಿ. ಸರಿ ಇದೆಯೋ ಇಲ್ಲವೋ ಟಂಗ್‌ಸ್ಟನ್ನೇ ಹೇಳುತ್ತದೆ. ತಣ್ಣಗಾದ ಮೇಲೆ ತುದಿ ಬೆಳ್ಳಗೆ ಹೊಳೆಯುತ್ತಿದ್ದರೆ ಸಾಕಾಗಿದೆ. ನೀಲಿ, ನೇರಳೆ, ಕಪ್ಪು ಬಂದಿದ್ದರೆ ಇನ್ನೆರಡು ಸೆಕೆಂಡ್ ಜಾಸ್ತಿ ಮಾಡಿ. ಫಿಲ್ಲರ್ ರಾಡ್‌ನ ತುದಿಯನ್ನೂ ಅದೇ ಗ್ಯಾಸ್ ಕೆಳಗೆ ಇಟ್ಟುಕೊಂಡಿರಿ.

ಗ್ಯಾಸ್ ದುಬಾರಿ, ಅದಕ್ಕೇ ಪೋಸ್ಟ್-ಫ್ಲೋ ಕಡಿಮೆ ಮಾಡ್ತೀನಿ ಅನ್ನುವ ಮಾಲೀಕರಿದ್ದಾರೆ. ಲೆಕ್ಕ ಹಾಕಿ. ನಿಮಿಷಕ್ಕೆ 8 ಲೀಟರ್ ಅಂದರೆ 7 ಸೆಕೆಂಡ್‌ಗೆ ಒಂದು ಲೀಟರ್‌ಗೂ ಕಡಿಮೆ. 7 ಘನ ಮೀಟರ್ ಸಿಲಿಂಡರ್‌ನಲ್ಲಿ ಸುಮಾರು 7000 ಲೀಟರ್ ಇರುತ್ತದೆ. ಉಳಿಸಬೇಕಿದ್ದರೆ ಟ್ಯಾಕ್‌ಗಳಲ್ಲಿ ಉಳಿಸಿ, ಅಲ್ಲಿ ಎರಡು ಮೂರು ಸೆಕೆಂಡ್‌ಗೆ ಇಳಿಸಿದರೂ ನಡೆಯುತ್ತದೆ. ಬೀಡ್‌ನ ಕೊನೆಯಲ್ಲಿ ಉಳಿಸಬೇಡಿ.

ಆರ್ಕ್ ಇಲ್ಲದೆ ಅಭ್ಯಾಸ

ಹುಡುಗರಿಗೆ ನಾನು ಮೊದಲು ಮಾಡಿಸುವುದು ಇದು. ಮಷೀನ್ ಆಫ್. ಟಾರ್ಚ್ ಕೈಯಲ್ಲಿ, ಪ್ಲೇಟ್ ಮೇಲೆ ಸೀಮೆಸುಣ್ಣದ ಗೆರೆ. ಬಾಯಲ್ಲಿ ಹೇಳುತ್ತಾ ಬೆರಳಾಡಿಸಬೇಕು: ‘ಒತ್ತು... ಗೆರೆ ನೋಡು... ಬಿಡು... ನಡಿ ನಡಿ ನಡಿ... ಒತ್ತು, ಹಿಂದೆ ಬಾ... ಬಿಡು... ನಿಲ್ಲು.’ ಇಪ್ಪತ್ತು ಸಲ. ನಗ್ತಾರೆ, ನಗಲಿ. ಆರ್ಕ್ ಹತ್ತಿದ ಮೇಲೆ ತಲೆ ಕೆಲಸ ಮಾಡಲ್ಲ, ಬೆರಳು ಕಲಿತದ್ದಷ್ಟೇ ಬರುತ್ತದೆ.

ಆಮೇಲೆ ಮಷೀನ್ ಆನ್ ಮಾಡಿ ಒಂದೊಂದು ಇಂಚಿನ ಬೀಡ್‌ಗಳು. ಉದ್ದ ಬೀಡ್ ಹಾಕಿಸುವುದಿಲ್ಲ, ಯಾಕೆಂದರೆ ಉದ್ದ ಬೀಡ್‌ಗೆ ಒಂದೇ ಕೊನೆ. ಒಂದು ಶೀಟ್ ಮೇಲೆ ಮೂವತ್ತು ಚಿಕ್ಕ ಬೀಡ್ ಹಾಕಿದರೆ ಮೂವತ್ತು ಸಲ ಮುಗಿಸುವುದು ಕಲಿತ ಹಾಗಾಯಿತು.

ಲಿಫ್ಟ್ ಆರ್ಕ್, ಪೆಡಲ್

ಎಚ್‌ಎಫ್ ಬೇಡ ಅನ್ನುವ ಜಾಗಗಳಿವೆ. ಪಕ್ಕದಲ್ಲೇ ಕಂಪ್ಯೂಟರ್‌ನಿಂದ ಓಡುವ ಸಿಎನ್‌ಸಿ ಮಷೀನ್‌ನ ಕಂಟ್ರೋಲರ್ ಇದ್ದರೆ ಆ ಕಿಡಿ ಅದಕ್ಕೆ ತೊಂದರೆ ಕೊಡಬಹುದು. ಆಗ ಲಿಫ್ಟ್ ಆರ್ಕ್‌ಗೆ ಹಾಕಿ. ಟಂಗ್‌ಸ್ಟನ್ ತುದಿ ಪ್ಲೇಟ್‌ಗೆ ಮೆಲ್ಲಗೆ ತಾಗಿಸಿ, ಟ್ರಿಗರ್ ಒತ್ತಿ, ಎರಡು ಎಂಎಂ ಮೇಲೆತ್ತಿ. ಕಪ್‌ನ ಅಂಚನ್ನು ಪ್ಲೇಟ್ ಮೇಲೆ ಊರಿ ಟಾರ್ಚನ್ನು ಹಿಂದಕ್ಕೆ ವಾಲಿಸಿದರೆ ಎತ್ತುವುದು ಸಲೀಸು. ಮಿಕ್ಕಿದ್ದೆಲ್ಲ ಅದೇ 2ಟಿ, 4ಟಿ.

ಕಾಲಿನ ಪೆಡಲ್ ಸಿಕ್ಕಿಸಿದರೆ ಮಷೀನನ್ನು 2ಟಿಗೆ ಹಾಕಿ, ಅಪ್‌ಸ್ಲೋಪ್, ಡೌನ್‌ಸ್ಲೋಪ್ ಎರಡನ್ನೂ ಸೊನ್ನೆ ಮಾಡಿ. ಏರಿಸುವುದು ಇಳಿಸುವುದು ನಿಮ್ಮ ಪಾದವೇ ಮಾಡುತ್ತದೆ. ಟೇಬಲ್ ಮೇಲಿನ ಕೆಲಸಕ್ಕೆ ಚೆನ್ನ. ಏಣಿ ಹತ್ತಿ ರೇಲಿಂಗ್ ಮಾಡುವವರಿಗೆ ಬೆರಳೇ ಗತಿ.

ಒತ್ತಿದರೂ ಏನೂ ಆಗದಿದ್ದರೆ

ಗ್ಯಾಸೂ ಇಲ್ಲ, ಕಿಡಿಯೂ ಇಲ್ಲ ಅಂದರೆ ಮೊದಲು ಮಷೀನ್ ಸ್ಟಿಕ್ ಮೋಡ್‌ನಲ್ಲಿ ಇದೆಯಾ ನೋಡಿ. ನಗಬೇಡಿ, ಅರ್ಧ ಕಂಪ್ಲೇಂಟ್ ಇದೇ. ಅದು ಸರಿ ಇದ್ದರೆ ಮಷೀನ್ ಆಫ್ ಮಾಡಿ, ಟ್ರಿಗರ್ ಪ್ಲಗ್ ಕಳಚಿ. ಮಲ್ಟಿಮೀಟರ್ ಅನ್ನು ಬೀಪ್ ಮೋಡ್‌ಗೆ ಹಾಕಿ, ಟ್ರಿಗರ್‌ನ ಎರಡು ಪಿನ್‌ಗಳಿಗೆ ಇಟ್ಟು ಬಟನ್ ಒತ್ತಿ. ಒತ್ತಿದಾಗ ಬೀಪ್, ಬಿಟ್ಟಾಗ ಸುಮ್ಮನೆ ಆದರೆ ಟಾರ್ಚ್ ಕಡೆ ತಪ್ಪಿಲ್ಲ. ಬೀಪ್ ಬರದಿದ್ದರೆ ಕೇಬಲ್ಲನ್ನು ಹಿಡಿಕೆ ಹತ್ತಿರ ಅತ್ತ ಇತ್ತ ಬಗ್ಗಿಸುತ್ತಾ ಒತ್ತಿ ನೋಡಿ. ವೈರ್ ತುಂಡಾಗುವುದು ಹೆಚ್ಚಾಗಿ ಅಲ್ಲೇ, ದಿನಾ ಬಗ್ಗುವ ಜಾಗದಲ್ಲಿ.

ಗ್ಯಾಸ್ ಬರುತ್ತದೆ, ಆರ್ಕ್ ಹತ್ತಲ್ಲ ಅಂದರೆ ಟ್ರಿಗರ್ ಸರಿ ಇದೆ. ಅರ್ಥಿಂಗ್ ಕ್ಲ್ಯಾಂಪ್ ಪೇಂಟ್ ಮೇಲೆ ಕೂತಿದೆಯಾ, ಮೋಡ್ ಲಿಫ್ಟ್‌ನಲ್ಲಿ ಇದೆಯಾ ನೋಡಿ. ಬಿಟ್ಟರೂ ಗ್ಯಾಸ್ ನಿಲ್ಲದಿದ್ದರೆ ಪೋಸ್ಟ್-ಫ್ಲೋ ಎಷ್ಟಿದೆ ನೋಡಿ. ಅದು ಸರಿ ಇದ್ದರೆ ವಾಲ್ವ್‌ನಲ್ಲಿ ಕಸ ಸಿಕ್ಕಿರಬಹುದು.

ಇದನ್ನು ಮಾತ್ರ ಮರೆಯಬೇಡಿ

ಎಚ್‌ಎಫ್ ಕಿಡಿ ಸಾವಿರಾರು ವೋಲ್ಟ್‌ನದು. ಒದ್ದೆ ಗ್ಲೌಸ್ ತೂರಿ ಬಂದರೆ ಚರ್ಮದಲ್ಲಿ ಸುಟ್ಟ ಚುಕ್ಕೆ ಉಳಿಯುತ್ತದೆ. ಪೇಸ್‌ಮೇಕರ್ ಇರುವವರು ಡಾಕ್ಟರ್ ಕೇಳದೆ ಹತ್ತಿರ ಬರಲೇಬಾರದು. ಟಂಗ್‌ಸ್ಟನ್ ಬದಲಿಸುವಾಗ ಮಷೀನ್ ಆಫ್ ಮಾಡಿ. ಬಟನ್ ಬೆರಳ ಕೆಳಗೇ ಇರುತ್ತದೆ, ಕೈ ತಾನಾಗೇ ಒತ್ತಿಬಿಡುತ್ತದೆ.

ಟ್ಯಾಂಕ್ ಒಳಗೆ ಇಳಿದು ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಆರ್ಗಾನ್ ಗಾಳಿಗಿಂತ ಭಾರ, ಬಣ್ಣ ಇಲ್ಲ, ವಾಸನೆ ಇಲ್ಲ. ಪೋಸ್ಟ್-ಫ್ಲೋ ಗ್ಯಾಸ್ ಎಲ್ಲ ತಳದಲ್ಲಿ ತುಂಬುತ್ತಾ ಆಮ್ಲಜನಕವನ್ನು ಹೊರಗೆ ತಳ್ಳುತ್ತದೆ. ಗಾಳಿ ಆಡುವ ವ್ಯವಸ್ಥೆ ಇಲ್ಲದೆ, ಹೊರಗೆ ಒಬ್ಬರು ಕಾವಲಿಲ್ಲದೆ ಇಳಿಯಬೇಡಿ. ಊಟಕ್ಕೆ ಏಳುವಾಗ ಟಾರ್ಚನ್ನು ಟ್ಯಾಂಕ್ ಒಳಗೆ ಬಿಟ್ಟು ಬರಬೇಡಿ.

ಸಂಜೆ ಮುಗಿಸುವಾಗ ಮೊದಲು ಸಿಲಿಂಡರ್ ವಾಲ್ವ್ ಮುಚ್ಚಿ, ಗ್ಯಾಸ್ ಚೆಕ್ ಬಟನ್ ಒತ್ತಿ ಪೈಪ್‌ನಲ್ಲಿ ಉಳಿದದ್ದನ್ನು ಖಾಲಿ ಮಾಡಿ, ಆಮೇಲೆ ಮೇನ್ ಸ್ವಿಚ್. ಟಾರ್ಚ್ ತೂಗುಹಾಕುವ ಮೊಳೆಗೆ ಮರದ ಹಲಗೆ ಹೊಡೆದುಕೊಳ್ಳಿ. ನಮ್ಮ ಹೆಲ್ಪರ್ ಒಮ್ಮೆ ಮಷೀನ್ ಆನ್ ಇರುವಾಗಲೇ ಟಾರ್ಚನ್ನು ಕಬ್ಬಿಣದ ರ‍್ಯಾಕ್‌ಗೆ ಸಿಕ್ಕಿಸಿ ಟೀ ಕುಡಿಯೋಕೆ ಹೋದ. ಅರ್ಥಿಂಗ್ ಕ್ಲ್ಯಾಂಪ್ ಕೂಡ ಅದೇ ರ‍್ಯಾಕ್‌ನಲ್ಲಿತ್ತು. ಬಟನ್ ಕಂಬಿಗೆ ಒತ್ತಿಕೊಂಡು, ರ‍್ಯಾಕ್ ಮೇಲಿದ್ದ ನನ್ನ ಹೊಸ ವರ್ನಿಯರ್ ಕ್ಯಾಲಿಪರ್‌ಗೆ ಆರ್ಕ್ ಹತ್ತಿತ್ತು.